ಅಳಿಸಿ ಮತ್ತೆ ಅಚ್ಚೊತ್ತುವ ಜಾಲರಿ

1953ರ ಅಕ್ಟೋಬರ್ 1ರಂದು ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಕಸುಬಿನ ನಂಟು ಮಾತ್ರ ಗಡಿ ದಾಟಿಯೂ ಉಳಿದಿದೆ. ಬಳ್ಳಾರಿಯಂತೆ ಇಲ್ಲಿಯೂ ಜೀನ್ಸ್ ಹೊಲಿಗೆ ಅನೇಕ ಮನೆಗಳ ಅನ್ನ. ಪ್ಯಾಂಟಿನ ಜೇಬಿನ ಒಳಬಟ್ಟೆಗೆ ಬ್ರ್ಯಾಂಡಿನ ಹೆಸರು ಹಾಕಲು ಈ ಉದ್ಯಮ ಸಾಮಾನ್ಯವಾಗಿ ನೆಚ್ಚುವುದು ಸ್ಕ್ರೀನ್ ಪ್ರಿಂಟಿಂಗನ್ನು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದಂಥ ಎರಡು ನುಡಿಯ ಸೀಮೆಯಲ್ಲಿ ಒಂದೇ ಸ್ಕ್ರೀನು ಇವತ್ತು ತೆಲುಗು ಲಗ್ನಪತ್ರಿಕೆ ಮುದ್ರಿಸಿ, ತೊಳೆಸಿಕೊಂಡು, ನಾಳೆ ಕನ್ನಡದ್ದನ್ನು ಮುದ್ರಿಸಬಲ್ಲದು.

ಈ ಮರುಬಳಕೆ ಮೊದಲಿನಿಂದಲೂ ಇಷ್ಟು ಸಲೀಸಾಗಿರಲಿಲ್ಲ.

ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಸ್ಕ್ರೀನ್ ಮುದ್ರಣಕ್ಕೆ ಪೇಟೆಂಟ್ ಪಡೆದ ಕಾಲಕ್ಕೆ ಚೌಕಟ್ಟಿಗೆ ಬಿಗಿಯುತ್ತಿದ್ದುದು ರೇಷ್ಮೆ, ಗಿರಣಿಗಳಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಬಟ್ಟೆ. ಮುಂದೆ ಬೈಕ್ರೋಮೇಟ್ ಬೆರೆಸಿದ ಜೆಲಟಿನ್ ಬಂತು. ಬೆಳಕು ಬಿದ್ದಲ್ಲಿ ಗಟ್ಟಿ, ಬೀಳದ ಕಡೆ ನೀರಿಗೆ ಕರಗಿ ತೂತು, ಚಿತ್ರ ಸಿದ್ಧ. ತೊಡಕಿದ್ದದ್ದು ಅಳಿಸುವಾಗ. ಜೆಲಟಿನ್ನೂ ಪ್ರೋಟೀನು, ರೇಷ್ಮೆಯೂ ಪ್ರೋಟೀನು. ಒಂದನ್ನು ತಿನ್ನುವ ಬ್ಲೀಚು ಇನ್ನೊಂದನ್ನೂ ಬಿಡುತ್ತಿರಲಿಲ್ಲ.

ಬಿಡುಗಡೆ ಬಂದದ್ದೂ ಮುದ್ರಣದವರ ಮನೆಯಿಂದಲೇ. ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ನಿನ ರಸಾಯನಜ್ಞರಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ನೆನೆದರೂ ಸಡಿಲವಾಗದ, ಬ್ಲೀಚಿಗೆ ಜಗ್ಗದ ಈ ನೂಲು ಜಾಲರಿಯಾದ ಮೇಲೆ ಸ್ಕ್ರೀನನ್ನು ಅಳಿಸಿ ಮತ್ತೆ ಬಳಸುವುದು ದಿನನಿತ್ಯದ ಕೆಲಸವಾಯಿತು.

ಆದರೂ ಅದಕ್ಕೊಂದು ಕ್ರಮವಿದೆ. ಶಾಯಿ ಒಣಗುವ ಮೊದಲೇ ಅದನ್ನು ಗೋರಿ ಡಬ್ಬಿಗೆ ಹಾಕಬೇಕು, ಉಳಿದದ್ದನ್ನು ಚಿಂದಿಬಟ್ಟೆಯಲ್ಲಿ ಒರೆಸಬೇಕು. ಮಳೆ ಕಡಿಮೆಯ ಅನಂತಪುರ ಸೀಮೆಯಲ್ಲಿ ಇದರಿಂದ ನೀರೂ ಉಳಿಯುತ್ತದೆ. ಎಣ್ಣೆಶಾಯಿಗೆ ಸೀಮೆಎಣ್ಣೆ ಅಥವಾ ಥಿನ್ನರ್, ನೀರುಶಾಯಿಗೆ ನೀರೇ ಸಾಕು. ಆಮೇಲೆ ಎಮಲ್ಷನ್, ಅಂದರೆ ಬೆಳಕಿಗೆ ಗಟ್ಟಿಯಾದ ಲೇಪ, ಕಳಚಲು ಸೋಡಿಯಂ ಮೆಟಾಪೆರಿಯೊಡೇಟ್. ಅದನ್ನು ಹಚ್ಚಿ ಮರೆತು ಜಾಲರಿಯ ಮೇಲೆ ಒಣಗಲು ಬಿಟ್ಟರೆ ಎಮಲ್ಷನ್ ಮತ್ತೆ ಬಿಡುವುದೇ ಕಷ್ಟ. ಹಳೆಯ ಚಿತ್ರದ ಮಸುಕು ನೆರಳು ಉಳಿದರೆ ಕಾಸ್ಟಿಕ್ ಇರುವ ಲೇಪ ಬೇಕಾಗುತ್ತದೆ. ಇಲ್ಲಿ ಅವಸರವೇ ಒಳ್ಳೆಯದು: ಬ್ಲೀಚಿಗೆ ಬಗ್ಗದ ಪಾಲಿಯೆಸ್ಟರ್ ಬಲವಾದ ಕ್ಷಾರಕ್ಕೆ ಸವೆಯುತ್ತದೆ. ಕೊನೆಗೆ ಸೋಪಿನಿಂದ ಜಿಡ್ಡು ತೆಗೆಯದಿದ್ದರೆ ಹೊಸ ಎಮಲ್ಷನ್ನಿನಲ್ಲಿ ಸೂಜಿತೂತುಗಳು ಏಳುತ್ತವೆ.

ಬೈಕ್ರೋಮೇಟನ್ನು ಮಾತ್ರ ಪೂರ್ತಿ ಕೈಬಿಡಬೇಕು. ಅದರ ಕ್ರೋಮಿಯಂ ಕ್ಯಾನ್ಸರಿಗೆ ದಾರಿ. ಚರಂಡಿಗೆ ಹರಿದದ್ದು ಬೋರ್‌ವೆಲ್ ನೆಚ್ಚಿದ ಊರಿನ ನೆಲಕ್ಕೇ ಇಳಿಯುತ್ತದೆ. ಡಯಾಜೊ ಎಮಲ್ಷನ್ನುಗಳು ಸಿಗುವಾಗ ಆ ಅಪಾಯವನ್ನು ಹೊತ್ತುಕೊಳ್ಳಲು ಕಾರಣವೇ ಇಲ್ಲ.

ಎಷ್ಟು ಜೋಪಾನ ಮಾಡಿದರೂ ಜಾಲರಿಯ ಬಿಗಿ ಒಂದು ದಿನ ಇಳಿಯುತ್ತದೆ. ಆಗ ಎರಡು ಬಣ್ಣದ ಕೆಲಸದಲ್ಲಿ ಒಂದರ ಅಂಚು ಇನ್ನೊಂದಕ್ಕೆ ಕೂಡದು. ಚೌಕಟ್ಟು ಸೊಟ್ಟಗಾಗಿರದಿದ್ದರೆ ಹಳೆಯ ಮೆಶ್ ಕಿತ್ತು, ಅದಕ್ಕೇ ಹೊಸದನ್ನು ಬಿಗಿಯುತ್ತಾರೆ.