ಹಿತ್ತಲ ಗಿಡ ಎಷ್ಟು ಮದ್ದು?

ಹಿತ್ತಲ ಗಿಡ ಮದ್ದಲ್ಲ ಎಂಬುದು ಗಾದೆ. ಹೊಟ್ಟೆಯ ವಿಷಯದಲ್ಲಿ ಮಾತ್ರ ಈ ಗಾದೆಗೆ ಯಾರೂ ಕಿವಿಗೊಟ್ಟಂತಿಲ್ಲ. ಹಳಬರ ಬಾಯಲ್ಲಿ ಕೆ.ಎಂ. ದೊಡ್ಡಿ ಎನಿಸಿಕೊಳ್ಳುವ ಭಾರತೀನಗರವಿರಲಿ, ಮದ್ದೂರು, ಮಳವಳ್ಳಿ ಕಡೆಯ ಬೇರಾವ ಊರೇ ಇರಲಿ, ಹೊಟ್ಟೆ ಕೆಟ್ಟಾಗ ಕೈ ಮೊದಲು ಹೋಗುವುದು ಅಡುಗೆಮನೆಯ ಡಬ್ಬಿಗೆ. ಹೊಟ್ಟೆನೋವಿಗೆ ಓಮ, ಉಬ್ಬರಕ್ಕೆ ಇಂಗು, ಓಕರಿಕೆಗೆ ಶುಂಠಿ, ಭೇದಿಗೆ ದಾಳಿಂಬೆ ಸಿಪ್ಪೆ, ಹಸುಗೂಸಿಗೆ ತೇಯ್ದ ಬಜೆ. ಇವುಗಳಲ್ಲಿ ಪರೀಕ್ಷೆಗೆ ನಿಲ್ಲುವುದೆಷ್ಟು?

ಶುಂಠಿ ಚೆನ್ನಾಗಿಯೇ ನಿಂತಿದೆ. ಪ್ರಯಾಣದಲ್ಲಿ ಬೇಗ ವಾಕರಿಕೆ ಬರುವವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ನಡೆಸಿದ ಪ್ರಯೋಗವೊಂದು 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಶುಂಠಿ ಪುಡಿ ರೂಢಿಯ ಮಾತ್ರೆಗಿಂತ ಹೆಚ್ಚು ಫಲ ನೀಡಿತ್ತು. ಗರ್ಭಿಣಿಯರ ವಾಕರಿಕೆಯ ಮೇಲೆ ಮುಂದೆ ನಡೆದ ಪ್ರಯೋಗಗಳೂ ಶುಂಠಿಯ ಪರವಾಗಿವೆ. ಮಲಬದ್ಧತೆಗೆ ಇಸಬಗೋಲಿನ ಗುಣವೂ ಸ್ಥಿರಪಟ್ಟಿದೆ. ಅದರ ಹೊಟ್ಟು ನೀರು ಹೀರಿ ಉಬ್ಬಿ ಮಲವನ್ನು ಮೃದುವಾಗಿಸುತ್ತದೆ. ಸೋನಾಮುಖಿ ಕರುಳನ್ನೇ ಕೆರಳಿಸಿ ಕೆಲಸ ಮಾಡುವಂಥದ್ದು, ಆದ್ದರಿಂದ ದಿನನಿತ್ಯಕ್ಕೆ ತಕ್ಕುದಲ್ಲ.

ಓಮದ ಮಾತು ಬೇರೆ. ಅದರ ಎಣ್ಣೆಯಲ್ಲಿರುವ ಥೈಮಾಲ್ ಪ್ರಯೋಗಶಾಲೆಯಲ್ಲಿ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದೆಲ್ಲ ಮನುಷ್ಯನ ಹೊಟ್ಟೆಯಲ್ಲೂ ಆಗಬೇಕೆಂದಿಲ್ಲ.

ಭೇದಿಯಲ್ಲಿ ಪ್ರಾಣ ತೆಗೆಯುವುದು ನೀರು, ಉಪ್ಪುಗಳ ನಷ್ಟ. ದಾಳಿಂಬೆ ಸಿಪ್ಪೆಯ ಒಗರು ಅದನ್ನು ತುಂಬಿಕೊಡಲಾರದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬಂಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿಯೇ ಸಾವಿನ ಪ್ರಮಾಣವನ್ನು ಶೇಕಡ 30ರ ಆಸುಪಾಸಿನಿಂದ 4ಕ್ಕಿಂತ ಕೆಳಗಿಳಿಸಿದರು. ಸಕ್ಕರೆಯಂಶ ಕರುಳಿನಲ್ಲಿ ಉಪ್ಪನ್ನು ಒಳಕ್ಕೆ ಸೆಳೆಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅಕ್ಕಿಯ ಪಿಷ್ಟ ಕರಗಿದಾಗಲೂ ಇದೇ ಆಗುತ್ತದೆ. ಉಪ್ಪು ಬೆರೆಸಿದ ತೆಳುಗಂಜಿ ಕುಡಿಸುತ್ತಿದ್ದ ಹಿರಿಯರು ಕಾರಣ ತಿಳಿಯದೆಯೂ ಸರಿದಾರಿಯಲ್ಲೇ ಇದ್ದರು. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು.

ಎಚ್ಚರ ಬೇಕಾದದ್ದು ಬಜೆಯಲ್ಲಿ. ಅದರ ಎಣ್ಣೆಯಲ್ಲಿರುವ ಬೀಟಾ ಆಸರೋನ್ ಇಲಿಗಳ ಕರುಳಿನಲ್ಲಿ ಗಂತಿ ಬೆಳೆಸಿದ್ದರಿಂದ ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಭಾರತದ ಬಜೆಯಲ್ಲಿ ಈ ಅಂಶ ಹೆಚ್ಚು. ಆರು ತಿಂಗಳು ತುಂಬದ ಕೂಸಿಗೆ ತಾಯಿಯ ಹಾಲೇ ಸಾಕೆನ್ನುವ ವೈದ್ಯರ ಮಾತಿಗೆ ಇದೂ ಬೆಂಬಲ ನೀಡುತ್ತದೆ.

ತಿಂದದ್ದು ಅರಗದಿದ್ದಾಗ ಒಂದು ಲೋಟ ಶುಂಠಿ ಕಷಾಯದಿಂದ ಕೇಡಿಲ್ಲ. ಆದರೆ ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ಮಗು ಮಂಕಾಗಿ ಮಲಗಿದರೆ, ಒಲೆಯ ಮುಂದೆ ಕೂರದೆ ಆಸ್ಪತ್ರೆಯ ದಾರಿ ಹಿಡಿಯಬೇಕು. ದಾರಿಯುದ್ದಕ್ಕೂ ಆ ಉಪ್ಪು ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.