‘ಪಾಸ್‌ಪೋರ್ಟ್ ಸ್ಟ್ಯಾಂಪಿಂಗ್‌ಗೆ ಹೋಗ್ಯಾದ’ ಅಂದ್ರೆ ಎಲ್ಲಿಗೆ ಹೋಗಿದೆ? ಗಲ್ಫ್‌ಗೆ ಹೊರಟ ಚಾಲಕರು ತಿಳಿದಿರಬೇಕಾದ್ದು

ಕಲಬುರಗಿ: ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗರು ದುಬೈ, ಸೌದಿ, ಕತಾರ್‌ಗೆ ಡ್ರೈವರ್ ಕೆಲಸಕ್ಕೆ ಹೋಗೋದು ಹೊಸದಲ್ಲ. ಇಲ್ಲಿ ಗಾಣಗಾಪುರ, ಅಕ್ಕಲಕೋಟ, ಪಂಢರಪುರಕ್ಕೆ ಭಕ್ತರನ್ನು ಕೂರಿಸಿಕೊಂಡು ಕ್ರೂಸರ್ ಓಡಿಸಿದವರು ಅಲ್ಲಿ ಟ್ರೇಲರ್, ಬಸ್ ಹತ್ತುತ್ತಾರೆ. ಹೋದ ಹೊಸದರಲ್ಲಿ ಮನೆಗೆ ಬರುವ ಫೋನ್‌ನಲ್ಲಿ ಒಂದು ಮಾತು ಇದ್ದೇ ಇರುತ್ತದೆ: ‘ಪಾಸ್‌ಪೋರ್ಟ್ ಸ್ಟ್ಯಾಂಪಿಂಗ್‌ಗೆ ಹೋಗ್ಯಾದ, ಬಂದ ಮ್ಯಾಲ ಹೇಳ್ತೀನಿ.’

ಅದು ಬರುವ ತನಕ ಊರಲ್ಲಿ ತಂಗಿ ಮದುವೆ ಇರಲಿ, ಅಪ್ಪ ದವಾಖಾನೆಯಲ್ಲಿರಲಿ, ವಿಮಾನ ಹತ್ತೋಕಾಗಲ್ಲ. ಗಡಿ ದಾಟೋದೇ ಕೆಲಸವಾದ ಟ್ರೇಲರ್ ಚಾಲಕನಿಗಂತೂ ಹೊರದೇಶದ ಟ್ರಿಪ್ಪೂ ಇಲ್ಲ, ಅದರ ಭತ್ಯೆಯೂ ಇಲ್ಲ. ಹತ್ತು-ಹದಿನೈದು ದಿನ ಆದರೆ ಸಹಿಸಬಹುದು. ಆದರೆ ನಾಲ್ಕು ತಿಂಗಳಾದರೂ ಅದೇ ಮಾತು ಬಂದರೆ ಅನುಮಾನ ಪಡಲೇಬೇಕು. ಯಾಕಂದ್ರೆ ಕೆಲವು ಗಲ್ಫ್ ದೇಶಗಳಲ್ಲಿ ವಾಸದ ಪರವಾನಗಿಯನ್ನು ಪಾಸ್‌ಪೋರ್ಟ್ ಮೇಲೆ ಒತ್ತುವ ಪದ್ಧತಿಯೇ ಈಗ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. ಪಾಸ್‌ಪೋರ್ಟ್ ನಮ್ಮ ಕೈ ಬಿಡೋದು ಎರಡು ಸಲ. ಒಂದು, ಇಲ್ಲಿಂದ ಹೊರಡುವ ಮುಂಚೆ, ಕೆಲಸದ ವೀಸಾಕ್ಕಾಗಿ. ಮುಂಬೈನಲ್ಲೋ ಹೈದರಾಬಾದ್‌ನಲ್ಲೋ ಸಂದರ್ಶನ, ಮೆಡಿಕಲ್, ಬೆರಳಚ್ಚು ಆಗುವಾಗ ಅದು ಏಜೆಂಟರ ಬಳಿ ಇರುತ್ತದೆ. ಸೌದಿ ಈ ವೀಸಾದ ಸ್ಟಿಕ್ಕರ್ ಅನ್ನು ಭಾರತದವರಿಗೆ 2023ರ ಮೇ ತಿಂಗಳಲ್ಲಿ ನಿಲ್ಲಿಸಿ, ಕ್ಯೂಆರ್ ಕೋಡ್ ಇರುವ ಕಾಗದ ಕೊಡಲು ಶುರು ಮಾಡಿತು. ಎರಡನೇ ಸಲ, ಅಲ್ಲಿ ಇಳಿದ ಮೇಲೆ, ವಾಸದ ಪರವಾನಗಿಗಾಗಿ. ಸೌದಿಯಲ್ಲಿ ಇದಕ್ಕೆ ಇಕಾಮಾ ಅಂತಾರೆ. ಇಳಿದ 90 ದಿನದೊಳಗೆ ಮಾಡಿಸಿಕೊಡೋದು ಮಾಲೀಕನ ಜವಾಬ್ದಾರಿ. ಅದರ ಖರ್ಚೂ ಅವನದೇ, ಸಂಬಳದಲ್ಲಿ ಹಿಡಿಯುವಂತಿಲ್ಲ.

ಮೊದಲೆಲ್ಲ ಈ ಎರಡನೇ ಪರವಾನಗಿಯೂ ಪಾಸ್‌ಪೋರ್ಟ್ ಪುಟದ ಮೇಲೆ ಅಂಟಿಸುವ ಚೀಟಿಯಾಗಿತ್ತು. ಕತಾರ್ 2015ರಲ್ಲಿ ಅದನ್ನು ನಿಲ್ಲಿಸಿತು, ಕುವೈತ್ 2019ರಲ್ಲಿ, ದುಬೈ ಸೇರಿದ ಯುಎಇ 2022ರಲ್ಲಿ. ಈಗ ಅಲ್ಲೆಲ್ಲ ಕಾರ್ಡೇ ದಾಖಲೆ. ಯುಎಇಯಲ್ಲಿ ಎಮಿರೇಟ್ಸ್ ಐಡಿ ಬಂದರೆ ವಾಸದ ಪರವಾನಗಿ ಆಯಿತು ಅಂತಲೇ ಅರ್ಥ. ಕಾರ್ಡ್ ಕೈಗೆ ಬಂದ ಮೇಲೂ ‘ಪಾಸ್‌ಪೋರ್ಟ್ ಇನ್ನೂ ಸ್ಟ್ಯಾಂಪಿಂಗ್‌ನಲ್ಲಿದೆ’ ಅಂತ ಸೂಪರ್‌ವೈಸರ್ ಹೇಳಿದರೆ, ಅದು ಹೆಚ್ಚಾಗಿ ಕಂಪನಿಯ ಕಪಾಟಿನಲ್ಲಿದೆ ಎಂದೇ ತಿಳಿಯಬೇಕು.

ಹಾಗಂತ ಕೇಳಿದ ತಕ್ಷಣ ಕೊಡಲ್ಲ ಅನ್ನೋಕೂ ಬರಲ್ಲ. ಮೆಡಿಕಲ್, ಬೆರಳಚ್ಚು, ಅರ್ಜಿ ಎಲ್ಲದಕ್ಕೂ ಪಾಸ್‌ಪೋರ್ಟ್ ಬೇಕು. ಕೊಡಿ, ಆದರೆ ಯಾವ ದಿನ, ಯಾರ ಕೈಗೆ, ಯಾತಕ್ಕೆ ಕೊಟ್ಟಿದ್ದೀರಿ ಅಂತ ಒಂದು ಚೀಟಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ‘ಇವತ್ತು ನನ್ನ ಪಾಸ್‌ಪೋರ್ಟ್ ತಗೊಂಡಿದ್ದೀರಿ, ಯಾವಾಗ ಸಿಗುತ್ತೆ?’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿಡಿ. ಉತ್ತರ ಬಂದರೂ ಬರದಿದ್ದರೂ ತಾರೀಖಿಗೆ ಸಾಕ್ಷಿ ಉಳಿಯುತ್ತದೆ.

ತಿರುಗಾಟದ ಕೆಲಸದವರಿಗೆ ಇಲ್ಲೊಂದು ತೊಡಕು ಅದ. ಯುಎಇಗೆ ಕೆಲಸದ ಪ್ರವೇಶ ಪರವಾನಗಿಯ ಮೇಲೆ ಹೋದವರು 60 ದಿನದೊಳಗೆ ವಾಸದ ಪರವಾನಗಿ ಮಾಡಿಸಿಕೊಳ್ಳಬೇಕು. ಆ ಪ್ರವೇಶ ಪರವಾನಗಿ ಒಂದೇ ಸಲಕ್ಕೆ. ಕೆಲಸ ನಡುವೆ ಇರುವಾಗ ‘ಒಂದು ಒಮಾನ್ ಟ್ರಿಪ್ ಹೊಡೆದು ಬಾ’ ಅಂದರೆ ಗಡಿ ದಾಟಬೇಡಿ, ವಾಪಸ್ ಬರುವಾಗ ಒಳಗೆ ಬಿಡದೇ ಹೋಗಬಹುದು. ಸೌದಿಯಲ್ಲಿ ಇಕಾಮಾ ಇದ್ದರೂ ಹೊರಗೆ ಹೋಗಿ ಬರಲು ಬೇರೆ ಅನುಮತಿ ಬೇಕು, ಅದನ್ನು ಎಕ್ಸಿಟ್-ರೀಎಂಟ್ರಿ ಅಂತಾರೆ. ಪದೇ ಪದೇ ಗಡಿ ದಾಟುವ ಚಾಲಕರು ‘ಮಲ್ಟಿಪಲ್’ ಅನ್ನೋದನ್ನೇ ಮಾಡಿಸಬೇಕು. 2021ರ ಮಾರ್ಚ್‌ನಿಂದ ಕಂಪನಿ ಕೆಲಸಗಾರರು ಈ ಅನುಮತಿಯನ್ನು ಅಬ್ಶರ್ ಆ್ಯಪ್‌ನಲ್ಲಿ ತಾವೇ ತೆಗೆಯಬಹುದು. ಆದರೆ ಮನೆಯ ಕಾರು ಓಡಿಸುವ ಹೌಸ್ ಡ್ರೈವರ್‌ಗಳಿಗೆ ಈ ಸೌಲಭ್ಯ ಕೊಟ್ಟಿಲ್ಲ, ಅವರು ಈಗಲೂ ಕಫೀಲನನ್ನೇ ಕೇಳಬೇಕು. ಟ್ರೇಲರ್ ಕೆಲಸ ಅಂತ ಹೇಳಿ ಹೌಸ್ ಡ್ರೈವರ್ ವೀಸಾ ಕೊಟ್ಟರೆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಇದರಿಂದಲೇ ಗೊತ್ತಾಗುತ್ತದೆ.

ಇಟ್ಟುಕೊಳ್ಳುವ ಹಕ್ಕು ಯಾರಿಗಿದೆ?

1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಕಂಪನಿ ಇರಲಿ, ಏಜೆಂಟ್ ಇರಲಿ, ಅದನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಅಲ್ಲಿನ ಕಾನೂನೂ ಇದನ್ನೇ ಹೇಳುತ್ತದೆ. ಕತಾರ್‌ನ 2015ರ ಕಾನೂನಿನಂತೆ ವಾಸದ ಪರವಾನಗಿ ಮಾಡಿಸುವ ಕೆಲಸ ಮುಗಿದ ಕೂಡಲೇ ಪಾಸ್‌ಪೋರ್ಟ್ ವಾಪಸ್ ಕೊಡಬೇಕು, ಕೊಡದ ಮಾಲೀಕನಿಗೆ 25,000 ರಿಯಾಲ್ ತನಕ ದಂಡ. ಯುಎಇಯ 2021ರ ಕಾರ್ಮಿಕ ಕಾನೂನು ಕೆಲಸಗಾರನ ದಾಖಲೆ ತಡೆಹಿಡಿಯುವಂತಿಲ್ಲ ಎನ್ನುತ್ತದೆ. ಕಾನೂನು ಇದ್ದರೂ ‘ಸೇಫ್ ಆಗಿರಲಿ’ ಅಂತ ತೆಗೆದಿಡುವ ಕಂಪನಿಗಳಿವೆ. ಕೇಳದಿದ್ದರೆ ಯಾರೂ ತಾವಾಗಿ ಕೊಡಲ್ಲ.

ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲದೆ ಹೋದರೆ ಏನಾಗಬಹುದು ಅಂತ ನಮ್ಮ ಜಿಲ್ಲೆಗೆ ಹೇಳಿಕೊಡಬೇಕಿಲ್ಲ. ದುಬೈನಲ್ಲಿ ಕೆಲಸಕ್ಕಿದ್ದ ಕಲಬುರಗಿ ಜಿಲ್ಲೆಯ ಮೂವರು ಯುವಕರು ಹೆಲ್ಪರ್ ಕೆಲಸ ಅನ್ನೋ ಮಾತು ನಂಬಿ 2023ರ ಡಿಸೆಂಬರ್‌ನಲ್ಲಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದಲ್ಲಿ ಸಿಕ್ಕಿಬಿದ್ದರು. ಊರಿಗೆ ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಹೀಗೆ ರಷ್ಯಾಕ್ಕೆ ಕರೆದೊಯ್ದ ಭಾರತೀಯರ ಪಾಸ್‌ಪೋರ್ಟ್‌ಗಳನ್ನು ಅಲ್ಲಿನ ಏಜೆಂಟರು ಕಿತ್ತುಕೊಂಡಿದ್ದರು ಎಂದು 2024ರ ಮಾರ್ಚ್‌ನಲ್ಲಿ ಪ್ರಕರಣ ದಾಖಲಿಸಿದ ಸಿಬಿಐ ಹೇಳಿತ್ತು.

ಇನ್ನು ಇಲ್ಲಿನ ಮಾತು. ತಾಲೂಕಿನಲ್ಲೇ ಕುಂತು ‘ಪಾಸ್‌ಪೋರ್ಟ್ ಕೊಡ್ರಿ, ಮುಂಬೈಗೆ ಕಳಿಸ್ತೀನಿ’ ಅನ್ನುವ ಪರಿಚಯಸ್ಥರು ಎಲ್ಲ ಕಡೆ ಇರುತ್ತಾರೆ. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದವರು ಹೊರದೇಶದ ಕೆಲಸಕ್ಕೆ ಜನ ಕಳಿಸುವಂತಿಲ್ಲ. ನೋಂದಣಿ ಇದೆಯಾ ಅಂತ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಮೊಬೈಲ್‌ನಲ್ಲೇ ನೋಡಬಹುದು. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳುವಂತಿಲ್ಲ, ರಸೀದಿ ಕೊಡಬೇಕು. ಹೊಲ ಒತ್ತೆ ಹಾಕಿ ಲಕ್ಷಗಟ್ಟಲೆ ಕೊಡುವ ಮೊದಲು ಈ ಅಂಕಿ ನೆನಪಿರಲಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಅವರು ಗಲ್ಫ್‌ಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು, ಜೊತೆಗೆ 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375. ಇದನ್ನು ತಪ್ಪಿಸಲು ‘ವಿಸಿಟ್ ವೀಸಾದಾಗ ಹೋಗು, ಅಲ್ಲೇ ಬದಲಿ ಮಾಡ್ಸಾಣ’ ಅನ್ನುವವರಿದ್ದಾರೆ. ಹಾಗೆ ಹೋದವರ ಕೆಲಸ, ಸಂಬಳ ಯಾವುದೂ ಸರ್ಕಾರದ ದಾಖಲೆಯಲ್ಲಿ ಇರಲ್ಲ.

ಪಾಸ್‌ಪೋರ್ಟ್‌ನ ಮೊದಲ, ಕೊನೆಯ ಪುಟ ಮತ್ತು ವೀಸಾದ ಜೆರಾಕ್ಸ್ ಮನೆಯಲ್ಲಿ ಹೆಂಡತಿ ಅಥವಾ ಅಣ್ಣತಮ್ಮಂದಿರ ಹತ್ತಿರ ಇರಲಿ. ಏನಾದರೂ ಆದಾಗ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಲು ಕುಂತರೆ ಪಾಸ್‌ಪೋರ್ಟ್ ನಂಬರ್ ಬೇಕಾಗುತ್ತದೆ, ಎಷ್ಟೋ ಮನೆಯಲ್ಲಿ ಅದೇ ಗೊತ್ತಿರಲ್ಲ. ಮನೆಯವರು ಇಲ್ಲಿಂದ 1800 11 3090ಕ್ಕೆ ಕರೆ ಮಾಡಬಹುದು. ಯುಎಇಯಲ್ಲಿ ಇರುವವರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್ 800 46342.

ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವ ಚಾಲಕರು ಕಲಬುರಗಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅರ್ಜಿ ಹಾಕುವಾಗ 36 ಪುಟದ ಬದಲು 60 ಪುಟದ್ದು ಕೇಳಿದರೆ ಒಳ್ಳೆಯದು. 1,500 ರೂಪಾಯಿ ಇರುವ ಕಡೆ 2,000 ಆಗುತ್ತದೆ ಅಷ್ಟೇ. ವಾಸದ ಪರವಾನಗಿಯ ಚೀಟಿ ನಿಂತಿದ್ದರೂ ಗಡಿ ಠಾಣೆಯಲ್ಲಿ ಹೋಗುವಾಗ ಬರುವಾಗ ಒತ್ತುವ ಮೊಹರು ಪೂರ್ತಿ ನಿಂತಿಲ್ಲ, ಟ್ರೇಲರ್ ಓಡಿಸುವವರ ಪುಟ ಬೇಗ ತುಂಬುತ್ತದೆ.