ಸಾಕ್ಷಿಯಿಲ್ಲದ ಸಾಹಸ

ಕಂಡು ಮೆಚ್ಚುವವರಿಲ್ಲದಿದ್ದರೂ ನಿಷ್ಠೆಯಿಂದ ನಡೆಸಿದ ಕಾಯಕ ವ್ಯರ್ಥವಾಗದೆಂಬುದು ಶರಣರಿಂದ ನಾವು ಕಲಿತ ಪಾಠ. ಕೊಡಗಿನ ವೀರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ಬಾಳು ಇದಕ್ಕೆ ಉಜ್ವಲ ನಿದರ್ಶನ.

1932ರಲ್ಲಿ ಜನಿಸಿದ ದೇವಯ್ಯನವರು 1954ರಲ್ಲಿ ವಾಯುಪಡೆಯನ್ನು ಸೇರಿ, ಮುಂದೆ ಕಿರಿಯರಿಗೆ ವಿಮಾನ ಚಾಲನೆಯ ಶಿಕ್ಷಕರೂ ಆದರು. 1965ರ ಯುದ್ಧದಲ್ಲಿ ಅವರನ್ನು 1ನೆಯ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆದಾಗ ಅವರು ಮೀಸಲು ಚಾಲಕರು ಮಾತ್ರ. ತಂಡದ ಒಂದು ವಿಮಾನ ಹಿಂದುಳಿಯಲು, ಆ ಸ್ಥಾನವನ್ನು ಅವರೇ ತುಂಬಿದರು.

ಶಬ್ದದ ಎರಡರಷ್ಟು ವೇಗವುಳ್ಳ ಶತ್ರುವಿನ ಸ್ಟಾರ್‌ಫೈಟರ್ ಅವರ ಮಿಸ್ಟೇರ್ ವಿಮಾನದ ಮೇಲೆರಗಿತು. ತಮ್ಮ ವಿಮಾನ ಹಾನಿಗೊಂಡಿದ್ದರೂ ದೇವಯ್ಯನವರು ಎದುರು ನಿಂತು ಕಾದಿ, ಅದನ್ನು ನೆಲಕ್ಕುರುಳಿಸಿದರು. ಶತ್ರು ಚಾಲಕ ಪ್ಯಾರಾಚೂಟಿನಿಂದ ಇಳಿದು ಬದುಕಿದನು, ದೇವಯ್ಯನವರು ಮರಳಲಿಲ್ಲ.

ಈ ಕಾಳಗವನ್ನು ಸಂಗಡಿಗರಾರೂ ಕಂಡಿರಲಿಲ್ಲ. ದೇವಯ್ಯನವರು ಕಾಣೆಯಾದರೆಂಬುದಷ್ಟೇ ನಮ್ಮವರಿಗೆ ತಿಳಿದಿತ್ತು. 1979ರಲ್ಲಿ ಪ್ರಕಟವಾದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಗ್ರಂಥದಿಂದ, ಅಂದರೆ ಎದುರಾಳಿಗಳ ಕಡೆಯ ವಿವರಗಳಿಂದಲೇ, ಸತ್ಯ ಬೆಳಕಿಗೆ ಬಂದಿತು. 23 ವರ್ಷಗಳ ತರುವಾಯ, 1988ರಲ್ಲಿ, ಮರಣೋತ್ತರ ಮಹಾವೀರ ಚಕ್ರವನ್ನು ಅವರ ಧರ್ಮಪತ್ನಿ ಸ್ವೀಕರಿಸಿದರು.

ಗೌರವ ತಡವಾಗಿ ಬಂದಿತು; ಕರ್ತವ್ಯ ಮಾತ್ರ ಕ್ಷಣವೂ ತಡವಾಗಿರಲಿಲ್ಲ. ಇಂಥವರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳೋಣ.